ನಿಮಗಿದು ಗೊತ್ತೇ? ಹೆಸರು ವಿಸ್ಕಿಯದು, ಒಳಗೆ ಬರೀ ನೀರು!

ಬ್ರಿಟನ್ನಿನ ಹಳೆಯ ಪಬ್ಬುಗಳಲ್ಲಿ ಬಾರ್ ಕಟ್ಟೆಯ ಮೇಲೆ ಪಿಂಗಾಣಿ ಜಗ್ಗೊಂದು ಕೂತಿರುತ್ತಿತ್ತು. ಮೈತುಂಬ ವಿಸ್ಕಿ ಕಂಪನಿಯ ಹೆಸರು. ಒಳಗೆ? ವಿಸ್ಕಿಗೆ ಬೆರೆಸಿಕೊಳ್ಳುವ ನೀರು!

ಪಬ್ಬಿನವರು ಇದಕ್ಕೆ ಕಾಸು ಬಿಚ್ಚಬೇಕಿರಲಿಲ್ಲ. ಜಾಹೀರಾತಿಗೆಂದು ವಿಸ್ಕಿ ಕಂಪನಿಗಳೇ ಹಂಚುತ್ತಿದ್ದವು. ಹಾಗೆ ಪುಕ್ಕಟೆ ಬಂದ ಜಗ್ಗಿಗೆ ಇವತ್ತು ಹರಾಜಿನಲ್ಲಿ ಪೈಪೋಟಿ!

ನಮ್ಮಲ್ಲಿ ಇದೇ ಕತೆ ತಿರುವುಮುರುವು, ನೋಡಿ. ಟಿವಿಯಲ್ಲಿ ಮದ್ಯದ ಜಾಹೀರಾತು ಕೂಡದು. ಹಾಗಾಗಿ ವಿಸ್ಕಿಯ ಹೆಸರು ಹೊತ್ತ ಸೋಡಾ, ನೀರಿನ ಜಾಹೀರಾತು ಬರುತ್ತದೆ. ಎರಡೂ ಕಡೆ ದುಡಿದದ್ದು ಪಾಪ, ನೀರೇ!

ಬ್ರಿಟನ್ನಿನ ಆ ಜಗ್ಗು ಕೈಗೆ ಸಿಕ್ಕರೆ ಸಂಗ್ರಾಹಕ ಮೊದಲು ಮಾಡುವುದೇನು ಗೊತ್ತೇ? ಬೋರಲು ಹಾಕುತ್ತಾನೆ! ಅದರ ಜಾತಕ ಇರುವುದೇ ತಳದ ಮುದ್ರೆಯಲ್ಲಿ. 'ವೇಡ್ ರೆಜಿಕಾರ್' ಎಂದಿದ್ದರೆ 1950-60ರ ದಶಕದ ಮಾಲು. 'ವೇಡ್ ಪಿಡಿಎಂ' ಎಂದಿದ್ದರೆ 1970ರಿಂದ ಈಚಿನದು.

ಈ ಜಗ್ಗುಗಳನ್ನು ಮಾಡಿದ ವೇಡ್ ಮನೆತನದ ಕಾರ್ಖಾನೆ ಇಂಗ್ಲೆಂಡಿನ ಕುಂಬಾರಿಕೆಯ ಊರಾದ ಬರ್ಸ್ಲೆಮ್‌ನದು. ಬಟ್ಟೆ ಗಿರಣಿಗಳಲ್ಲಿ ನೂಲು ಜಾರಿ ಹೋಗುವ ಪುಟ್ಟ ಪಿಂಗಾಣಿ ಬಿಡಿಭಾಗಗಳನ್ನೂ ಅವರು ಮಾಡುತ್ತಿದ್ದರು!

ಕೆಲವು ಜಗ್ಗುಗಳ ಮೂತಿ ಚಿವುಟಿದಂತಿರುತ್ತದೆ. ಅಂದಕ್ಕಲ್ಲ. ನೀರು ಬೀಳಬೇಕು, ಐಸ್ ತುಂಡು ಬೀಳಬಾರದು!

ಜಗ್ಗಿನ ಮೇಲೆ ಒಂದು ಕರಿ ನಾಯಿ, ಒಂದು ಬಿಳಿ ನಾಯಿ ಕಂಡಿರಾ? ಅದು ಬ್ಲ್ಯಾಕ್ ಅಂಡ್ ವೈಟ್ ವಿಸ್ಕಿಯದು. ಆದರೆ ಆ ಹೆಸರು ನಾಯಿಗಳಿಂದ ಬಂದದ್ದಲ್ಲ! ಕಪ್ಪು ಬಾಟಲಿ, ಬಿಳಿ ಚೀಟಿ ನೋಡಿ ಜನ ಹಾಗೆ ಕರೆದರು. ಕಂಪನಿ ವಿಸ್ಕಿಯ ಹಳೆಯ ಹೆಸರನ್ನೇ ಕೈಬಿಟ್ಟಿತು.

ಹಿಂದಿ ಸಿನಿಮಾದ ಖಳರ ಕೈಯಲ್ಲಿ ನೀವು ನೋಡಿದ ವ್ಯಾಟ್ 69ಕ್ಕೂ ಜಗ್ಗುಗಳಿವೆ. 1882ರಲ್ಲಿ ವಿಲಿಯಂ ಸ್ಯಾಂಡರ್ಸನ್ ಸುಮಾರು ನೂರು ಪೀಪಾಯಿ ಮಿಶ್ರಣ ಮಾಡಿಸಿ ಬಲ್ಲವರಿಗೆ ರುಚಿ ನೋಡಲು ಕೊಟ್ಟ. ಗೆದ್ದದ್ದು 69ನೇ ಪೀಪಾಯಿ!

ಜಗ್ಗಿಲ್ಲದೆ ಆಟವೇ ನಡೆಯದ ಮದ್ಯ ಬೇಕೇ? ಫ್ರಾನ್ಸಿಗೆ ಬನ್ನಿ. ಪಾಲ್ ರಿಕಾರ್ 1932ರಲ್ಲಿ ಮಾರ್ಸೇಯ್‌ನಲ್ಲಿ ತನ್ನ ಪಾಸ್ತಿಸ್ ಎಂಬ ಸೋಂಪಿನ ಮದ್ಯ ಶುರುಮಾಡಿದ. ಒಂದು ಪಾಲು ಮದ್ಯಕ್ಕೆ ಐದು ಪಾಲು ನೀರು! ನೀರು ಬಿದ್ದದ್ದೇ ತಡ, ತಿಳಿಯಾಗಿದ್ದ ಮದ್ಯ ಹಾಲಿನಂತೆ ಬೆಳ್ಳಗಾಗುತ್ತದೆ. ಅದರ ಸೋಂಪಿನ ಪರಿಮಳದ ಎಣ್ಣೆ ಮದ್ಯದಲ್ಲಿ ಕರಗುತ್ತದೆ, ನೀರಲ್ಲಿ ಕರಗದು, ಅಷ್ಟೇ. ಹೀಗಾಗಿ ರಿಕಾರ್ ಹೆಸರಿನ ಹಳದಿ-ಕಂದು ಜಗ್ಗುಗಳು ಫ್ರೆಂಚ್ ಹಳೇ ಸಾಮಾನಿನ ಸಂತೆಗಳಲ್ಲಿ ರಾಶಿ ರಾಶಿ!

ಇನ್ನು ಜೋಡಿ ಸಿಂಹದ ಗುರುತಿನ ವೈಟ್ ಅಂಡ್ ಮಕಾಯ್ ಜಗ್ಗು. ಗ್ಲಾಸ್ಗೋದ ಈ ವಿಸ್ಕಿ ಕಂಪನಿಯ ಬೇರು 1844ರಷ್ಟು ಹಳೆಯದು. 2007ರಲ್ಲಿ ಕಂಪನಿಯನ್ನು 59.5 ಕೋಟಿ ಪೌಂಡ್ ಕೊಟ್ಟು ಕೊಂಡವರು ವಿಜಯ್ ಮಲ್ಯರ ಯುಬಿ ಸಮೂಹದವರು. 2014ರಲ್ಲಿ ಅದು ಫಿಲಿಪ್ಪೀನ್ಸಿನವರ ಪಾಲಾಯಿತು. ಅಂದರೆ ನಡುವಿನ ಏಳು ವರ್ಷ, ಆ ಜೋಡಿ ಸಿಂಹದ ಗುರುತಿಗೆ ಯಜಮಾನರು ನಮ್ಮ ಬೆಂಗಳೂರಿನವರು!