ಕರೆಂಟ್ ಗಾಡಿ ಕೊಳ್ಳೋ ಮುಂಚೆ ಪ್ಲಗ್ ಎಲ್ಲೈತೆ ನೋಡ್ಕೊಳ್ಳಿ!

ದಾವಣಗೆರೆ: ಮಂಡಿಪೇಟೆಯ ಅಂಗಡಿಯೊಂದರ ಗುಮಾಸ್ತರೊಬ್ಬರು ಹರಿಹರದಿಂದ ದಿನಾ ಬಂದು ಹೋಗುವವರು. ಹೋಗಿ ಬರೋದು ಸೇರಿ ಇಪ್ಪತ್ತೆಂಟು ಕಿಲೋಮೀಟರ್ ಆಸುಪಾಸು. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್ 11ರಿಂದ ಹೆಂಗಸರಿಗೆ ಟಿಕೆಟ್ ಇಲ್ಲ. “ನಮ್ಮನೆಯೋರಿಗೆ ಟಿಕೆಟ್ ಇಲ್ಲ, ನನಗೆ ಸೀಟಿಲ್ಲ ಸಾರ್” ಎನ್ನುತ್ತಾರೆ ಇವರು. ಈ ಬೇಸರದಲ್ಲೇ ಚೀಟಿ ಎತ್ತಿ 58 ಸಾವಿರ ಕೊಟ್ಟು ಒಂದು ಕರೆಂಟ್ ಗಾಡಿ ಮನೆಗೆ ತಂದರು. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಬೇಡ, ಪೆಟ್ರೋಲ್ ಬೇಡ. ಸ್ವರ್ಗಕ್ಕೆ ಮೂರೇ ಗೇಣು!

ಹದಿನಾಲ್ಕನೇ ತಿಂಗಳಿಗೆ ಆ ಗಾಡಿ ದೊಡ್ಡಬಾತಿ ಹತ್ತಿರ ಕೈಕೊಟ್ಟಿತು. ರಾತ್ರಿ ಒಂಬತ್ತೂವರೆ ಹೊತ್ತು, ಚೀಲದಲ್ಲಿ ಮಗುವಿನ ಔಷಧ. ತಳ್ಳಿಕೊಂಡೇ ಹರಿಹರ ಸೇರಿದರು.

ತಪ್ಪು ಗಾಡಿಯದೋ, ಕೊಂಡವರದೋ? ವಿಚಾರಿಸಿದಾಗ ತಿಳಿದದ್ದಿಷ್ಟು. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರ್ ಒಳಗೆ, ಬ್ಯಾಟರಿ ಬಿಟ್ಟು ತೂಕ 60 ಕಿಲೋ ಮೀರದ್ದು ಇದ್ದರೆ ಕಾನೂನು ಅದನ್ನು ಮೋಟಾರು ವಾಹನ ಎಂದೇ ಎಣಿಸುವುದಿಲ್ಲ. ರಿಜಿಸ್ಟ್ರೇಷನ್, ಲೈಸೆನ್ಸ್ ಬೇಡದಿರುವುದು ಅದಕ್ಕೇ. ಬಡಾವಣೆಯೊಳಗೆ ಹಾಲು ತರಲು, ಮಕ್ಕಳನ್ನು ಸ್ಕೂಲಿಗೆ ಬಿಡಲು ಇದು ಚೆನ್ನ. ಆದರೆ ಹೈವೇ ಲಾರಿಗಳ ನಡುವೆ 25ರ ವೇಗದಲ್ಲಿ ಹದಿನಾಲ್ಕು ಕಿಲೋಮೀಟರ್ ಹೋಗುವುದೆಂದರೆ ಅರ್ಧ ಗಂಟೆಗೂ ಹೆಚ್ಚು ಹೊತ್ತು ಜೀವ ಕೈಯಲ್ಲಿ ಹಿಡಿದಂತೆ. “ವೈರ್ ಕತ್ತರಿಸಿ ನಲವತ್ತು ಓಡಿಸಿ ಕೊಡ್ತೀವಿ” ಎನ್ನುವ ಪುಣ್ಯಾತ್ಮರೂ ಇದ್ದಾರೆ. ಹಾಗೆ ಮಾಡಿಸಿದ ಕ್ಷಣವೇ ಅದು ರಿಜಿಸ್ಟ್ರೇಷನ್ ಇಲ್ಲದ, ಇನ್ಶೂರೆನ್ಸ್ ಇಲ್ಲದ ಮೋಟಾರು ವಾಹನ. ಯಾರಿಗಾದರೂ ಗುದ್ದಿದರೆ ಪರಿಹಾರ ಕಟ್ಟುವವರು ನೀವೇ ಸ್ವಾಮಿ.

ಇನ್ನು ಬ್ಯಾಟರಿ. ಅಗ್ಗದ ಗಾಡಿಯಲ್ಲಿ ಬಹುಪಾಲು ಇರುವುದು ಸೀಸ ಮತ್ತು ಆಸಿಡ್‌ನ ಹಳೇ ಜಾತಿ, ಮನೆಯ ಯುಪಿಎಸ್‌ನದರ ತಮ್ಮ. ಗುಮಾಸ್ತರ ಗಾಡಿಯಲ್ಲಿ ಹನ್ನೆರಡು ವೋಲ್ಟಿನವು ಐದು. ಹೊಸದರಲ್ಲಿ ನಲವತ್ತು ಕಿಲೋಮೀಟರ್ ಓಡಿತು. ದಿನಾ ಖಾಲಿ ಮಾಡಿ ದಿನಾ ತುಂಬಿದರೆ ಇಂಥ ಬ್ಯಾಟರಿ ಒಂದೆರಡು ವರ್ಷದಲ್ಲಿ ಸೋಲುತ್ತದೆ. ಹೊಸ ಸೆಟ್‌ಗೆ ಇಪ್ಪತ್ತು ಸಾವಿರದ ಮೇಲೆ ಕೇಳಿದರಂತೆ, ಅದೂ ಬೇರೆ ಅಂಗಡಿಯವರು. ಮಾರಿದ ಅಂಗಡಿಗೆ ಆಗಲೇ ಬೀಗ ಬಿದ್ದಿತ್ತು. ಲೀಥಿಯಂ ಬ್ಯಾಟರಿ ದುಬಾರಿ, ಆದರೆ ಹಗುರ, ಬಾಳಿಕೆ ಹೆಚ್ಚು. ನಂಬರ್ ಪ್ಲೇಟ್ ಇರುವ ದೊಡ್ಡ ಕಂಪನಿ ಗಾಡಿಗಳಿಗೆ ಮೂರು ವರ್ಷದ ವಾರಂಟಿ ಸಾಮಾನ್ಯ. ಮೇಲೆ ಹಣ ಕೊಟ್ಟರೆ ಎಂಟು ವರ್ಷದವರೆಗೂ ಬರೆದುಕೊಡುವವರಿದ್ದಾರೆ. 2022ರ ಬೇಸಿಗೆಯಲ್ಲಿ ಅಲ್ಲಲ್ಲಿ ಗಾಡಿಗಳು ಹೊತ್ತಿ ಉರಿದ ಸುದ್ದಿ ಓದುಗರಿಗೆ ನೆನಪಿರಬಹುದು. ಆಮೇಲೆ ಸರ್ಕಾರ ಎಐಎಸ್ 156 ಎಂಬ ಬ್ಯಾಟರಿ ಪರೀಕ್ಷೆಯ ನಿಯಮವನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಕಂತಾಗಿ ಜಾರಿಗೆ ತಂದಿತು. ಅದಕ್ಕೆ ಮುಂಚಿನ ಸೆಕೆಂಡ್‌ಹ್ಯಾಂಡ್ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಹಾರಬೇಡಿ.

ಕಂಪನಿಯವರು ನೂರು ಕಿಲೋಮೀಟರ್ ಎಂದರೆ ರಸ್ತೆಯಲ್ಲಿ ಎಪ್ಪತ್ತು ಎಂದು ಹಿಡಿಯಿರಿ. ಹಿಂದೆ ಹೆಂಡತಿ, ಮುಂದೆ ಅಕ್ಕಿ ಚೀಲ ಇದ್ದರೆ ಇನ್ನೂ ಇಳಿಯುತ್ತದೆ.

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕೇ? ಆದರೂ ಹೇಳುತ್ತೇನೆ. ಊರೊಳಗಿನ ಓಡಾಟ ಸೇರಿ ದಿನಕ್ಕೆ 32 ಕಿಲೋಮೀಟರ್, ತಿಂಗಳಿಗೆ 26 ದಿನ. ಪೆಟ್ರೋಲ್ ಗಾಡಿ ಲೀಟರಿಗೆ 45 ಕೊಟ್ಟರೂ ಹದಿನೆಂಟೂವರೆ ಲೀಟರ್. ಲೀಟರಿಗೆ ನೂರರಂತೆ 1,850 ರೂಪಾಯಿ. ಕರೆಂಟ್ ಗಾಡಿಗೆ ಚಾರ್ಜಿಂಗ್ ನಷ್ಟ ಸೇರಿ ತಿಂಗಳಿಗೆ ಸುಮಾರು 30 ಯೂನಿಟ್. ಯೂನಿಟ್‌ಗೆ ಏಳು ಎಂದರೂ 210 ರೂಪಾಯಿ. “ಗೃಹಜ್ಯೋತಿ ಐತಲ್ಲ, ಅದೂ ಪುಕ್ಕಟೆ” ಎಂದು ಕುಣಿಯಬೇಡಿ. 2023ರಲ್ಲಿ ಬಂದ ಆ ಯೋಜನೆಯಲ್ಲಿ ಎಲ್ಲರಿಗೂ 200 ಯೂನಿಟ್ ಎಂದಿಲ್ಲ. 2022-23ರ ನಿಮ್ಮ ಸರಾಸರಿಯ ಮೇಲೆ ನೂರಕ್ಕೆ ಹತ್ತು ಕೂಡಿಸಿದ್ದೇ ನಿಮ್ಮ ಪಾಲು. ಸರಾಸರಿ 70 ಇದ್ದ ಮನೆಗೆ 77. ಗಾಡಿಯಿಂದ ಬಳಕೆ ನೂರಾದರೆ 23 ಯೂನಿಟ್‌ಗೆ ದುಡ್ಡು ಕಟ್ಟಬೇಕು. ಅದಾದರೂ ಪರವಾಗಿಲ್ಲ. ಈಗಾಗಲೇ 180 ಸುಡುವ ಮನೆಯಾದರೆ ಗಾಡಿ 200 ದಾಟಿಸಿ ಪೂರಾ ಬಿಲ್ಲನ್ನೇ ತಲೆ ಮೇಲೆ ಹಾಕುತ್ತದೆ.

ಸಬ್ಸಿಡಿ ಮಾತಿಗೂ ಮರುಳಾಗದಿರಿ. ಕೇಂದ್ರದ್ದು 2021ರಲ್ಲಿ ಬ್ಯಾಟರಿಯ ಪ್ರತಿ ಕಿಲೋವ್ಯಾಟ್ ಅವರ್‌ಗೆ 15,000 ಇತ್ತು. 2023ರ ಜೂನ್‌ನಲ್ಲಿ 10,000, 2024ರಲ್ಲಿ 5,000, 2025ರ ಏಪ್ರಿಲ್‌ನಲ್ಲಿ 2,500ಕ್ಕೆ ಇಳಿಯಿತು. ಇನ್ನೂ ಯಾರಾದರೂ ದೊಡ್ಡ ಮೊತ್ತ ಹೇಳಿದರೆ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಇಷ್ಟೆಲ್ಲ ತಿಳಿದ ಮೇಲೂ ನಮ್ಮ ಗುಮಾಸ್ತರ ಪೇಚು ಬೇರೆಯೇ ಇದೆ. ಅವರದು ಬಾಡಿಗೆ ಮನೆ, ಮಹಡಿ ಮೇಲೆ. ಐದು ಬ್ಯಾಟರಿ ಸೇರಿ ಮೂವತ್ತು ಕಿಲೋ ಮೀರುವ ಪೆಟ್ಟಿಗೆಯನ್ನು ಮೆಟ್ಟಿಲು ಹತ್ತಿಸುವವರ್ಯಾರು? ಕಿಟಕಿಯಿಂದ ವೈರ್ ಇಳಿಬಿಟ್ಟು ಚಾರ್ಜ್ ಮಾಡುತ್ತಿದ್ದರು. ಮಳೆ ಬಂದ ರಾತ್ರಿ ಓನರ್ ಕೆಳಗಿನಿಂದ ಕೂಗಿದರಂತೆ: “ಏನ್ರೀ, ನಮ್ಮನೆ ಸುಡ್ಬೇಕು ಅಂತ ಮಾಡೀರೇನು?” ಓನರ್ ಮಾತಲ್ಲಿ ಸುಳ್ಳಿಲ್ಲ. ತೆಳ್ಳನೆ ಎಕ್ಸ್‌ಟೆನ್ಷನ್ ವೈರು, ಅರ್ತಿಂಗ್ ಇಲ್ಲದ ಎರಡು ಪಿನ್ನಿನ ಸಾಕೆಟ್ ಇದಕ್ಕೆ ಆಗಿಬರುವುದಿಲ್ಲ. ನೆರಳಿನಲ್ಲಿ, ಗಾಡಿ ನಿಲ್ಲುವ ಜಾಗದಲ್ಲೇ, ಸರಿಯಾದ ಅರ್ತಿಂಗ್ ಇರುವ ಪವರ್ ಪಾಯಿಂಟ್ ಬೇಕು. ಬಿಸಿಲಲ್ಲಿ ಓಡಿ ಬಂದ ಗಾಡಿಯನ್ನು ತಣ್ಣಗಾಗಲು ಬಿಟ್ಟು ಪ್ಲಗ್ ಹಾಕಬೇಕು.

ಹಾಗಾಗಿ ಈ ಸಲ ಅವರು ಶೋರೂಂಗೆ ಹೋಗುವ ಮುಂಚೆ ಓನರ್ ಹತ್ತಿರ ಹೋದರು. ಹೊಸ ಗಾಡಿ ಹಸಿರು ಪ್ಲೇಟಿನದು, ಲೀಥಿಯಂದು, ಸಾಲಕ್ಕೆ. ಕಂತು ಕಟ್ಟುವಷ್ಟು ಪೆಟ್ರೋಲ್ ಉಳಿತಾಯ ಆಗುವುದಿಲ್ಲ ಎಂಬುದು ಅವರಿಗೂ ಗೊತ್ತು, ಏಕೆಂದರೆ ಇವತ್ತು ಅವರು ಸುಡುತ್ತಿರುವುದು ಪೆಟ್ರೋಲ್ ಅಲ್ಲ, ಬಸ್ ಕಾಯುವ ಹೊತ್ತು. “ಮಗ ಮಲಗೋದ್ರೊಳಗೆ ಮನೆ ಸೇರ್ಬೇಕು ಸಾರ್, ಅಷ್ಟೇ” ಎಂದರು.

ಓನರ್ ಮೂರು ದಿನ ಯೋಚಿಸಿ ಒಪ್ಪಿದ್ದಾರೆ. ಷರತ್ತು ಎರಡು: ಮಹಡಿಯ ಮೀಟರಿನಿಂದಲೇ ಪೈಪಿನೊಳಗೆ ವೈರ್ ಇಳಿಸಬೇಕು, ಖರ್ಚು ಬಾಡಿಗೆಯವರದು. ವೈರಿಂಗ್‌ನವನು ಬುಧವಾರ ಬರುತ್ತಾನಂತೆ.