ಬೆಳಕಿನ ಕೇಬಲ್: ಪರೀಕ್ಷೆಗೆ ಮುನ್ನ

ನಿಮ್ಮ ಪಂಚಾಯಿತಿ ಕಚೇರಿಗೆ ಭಾರತ್‌ನೆಟ್ ಯೋಜನೆಯ ಕೇಬಲ್ ಬಂದಿದ್ದರೆ, ಅದರ ಗಾಜಿನ ಎಳೆಯಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಆ ಬೆಳಕಿನ ಹಾದಿಯ ಅಗಲ ಸುಮಾರು 9 ಮೈಕ್ರಾನ್. ತಲೆಗೂದಲಿಗಿಂತ ಎಷ್ಟೋ ಸಣ್ಣದು. ಆದುದರಿಂದ ತುದಿಯಲ್ಲಿ ಕೂತ ಧೂಳಿನ ಕಣವೊಂದು ದಾರಿಗೆ ಅಡ್ಡಬಿದ್ದ ಬಂಡೆಯಿದ್ದಂತೆ. ಬೆವರುಗೈಯಿಂದ ಮುಟ್ಟಿದರಂತೂ ಮುಗಿದೇ ಹೋಯಿತು!

ಹಾದಿ ಸರಿಯಿದೆಯೆಂದು ಪ್ರಮಾಣಪತ್ರ ಕೊಡಲು ಪರೀಕ್ಷಕರು ಬಂದಾಗ ಮೊದಲು ಇದನ್ನು ಕೇಳಿರಿ: ತುದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಿರಾ? ಕೊಳೆಯಿದ್ದರೆ ಒರೆಸಿ, ಮತ್ತೆ ನೋಡಿ, ಅನಂತರವೇ ಜೋಡಿಸತಕ್ಕದ್ದು. ಇನ್ನು, ತೂಗುವ ಮುನ್ನ ತಕ್ಕಡಿಯ ಮುಳ್ಳನ್ನು ಸರಿಮಾಡುವುದಿಲ್ಲವೇ? ಹಾಗೆಯೇ ಪರೀಕ್ಷೆಯ ತುಂಡು ಎಳೆಗಳನ್ನಷ್ಟೇ ಮೊದಲು ಜೋಡಿಸಿ ಮಾಪಕವನ್ನು ಸೊನ್ನೆಗೆ ತರಬೇಕು. ಇದನ್ನು ಬಿಟ್ಟರೆ ಮೊಹರು ಬಿದ್ದ ಪ್ರಮಾಣಪತ್ರವೂ ಬರಿಯ ಕಾಗದವೇ.

ಎಷ್ಟು ನಷ್ಟ ಸಲ್ಲುತ್ತದೆಂಬುದನ್ನು ಮುಂಚೆಯೇ ಲೆಕ್ಕ ಹಾಕಿಸಿಡಿ. 1310 ನ್ಯಾನೊಮೀಟರ್ ಬೆಳಕಿಗೆ ಕಿಲೊಮೀಟರಿಗೆ ಸುಮಾರು 0.35 ಡೆಸಿಬೆಲ್, 10 ಕಿಲೊಮೀಟರಿಗೆ 3.5. ಬೆಸುಗೆ, ಜೋಡಣೆಗಳ ಪಾಲು ಬೇರೆ. 3 ಡೆಸಿಬೆಲ್ ಹೋಯಿತೆಂದರೆ ಅರ್ಧ ಬೆಳಕು ಹೋಯಿತೆಂದೇ ಅರ್ಥ.

ಮಕ್ಕಳನ್ನು ದೂರವಿಡಿ. ಈ ಬೆಳಕು ಕಣ್ಣಿಗೆ ಕಾಣದು, ಆದರೂ ಕಣ್ಣನ್ನು ಕೆಡಿಸಬಲ್ಲುದು. ತುದಿಯೊಳಗೆ ಯಾರೂ ಇಣುಕಬಾರದು.