ಬೆನ್ನು ನೊಂದಾಗ, ಬೆನ್ನು ಬಿಗಿದಾಗ

ಮುಂಗಾರು ಹಿಡಿದು ಕಾಲುವೆಗೆ ನೀರು ಬಂದಿತೆಂದರೆ, ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ಮಾನ್ವಿಯ ಗದ್ದೆಗಳಲ್ಲಿ ಬತ್ತದ ನಾಟಿ ಮೊದಲಾಗುತ್ತದೆ. ದಿನವೆಲ್ಲ ಕೆಸರಿನಲ್ಲಿ ನಡು ಬಗ್ಗಿಸಿ ದುಡಿದವರು ಸಂಜೆಗೆ "ನಡ ಹಿಡಿದಿದೆ" ಎನ್ನುವುದು ವಾಡಿಕೆ. ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವವರ ಮಾತೂ ಇದೇ. ಆದರೆ ಇದೇ ರಾಯಚೂರು ಜಿಲ್ಲೆಯಲ್ಲಿ ಮತ್ತೊಂದು ಬಗೆಯ ಬೆನ್ನಿನ ಬಾಧೆಯೂ ಉಂಟು. ಅದು ದುಡಿಮೆಯಿಂದ ಬರುವುದಲ್ಲ, ಕುಡಿಯುವ ನೀರಿನಿಂದ ಬರುವುದು. ಒಂದಕ್ಕೆ ಸಲ್ಲುವ ಉಪಾಯ ಇನ್ನೊಂದಕ್ಕೆ ಸಾಲದು. ಆದುದರಿಂದ ಇವೆರಡನ್ನು ಬೇರ್ಪಡಿಸಿ ತಿಳಿಯುವುದು ಅವಶ್ಯ.

ಮೊದಲು ಬೆನ್ನುಮೂಳೆಯ ರಚನೆಯನ್ನು ನೋಡೋಣ. ಅದು ಒಂದೇ ಕಂಬವಲ್ಲ, ಮಣಿಗಳ ಸರ. ಮಕ್ಕಳಲ್ಲಿ ಮಣಿಗಳ ಸಂಖ್ಯೆ 33. ಕತ್ತಿನಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5, ಅದರ ಕೆಳಗೆ 9. ಕೆಳಗಿನ ಒಂಬತ್ತು ಮಣಿಗಳು ಕ್ರಮೇಣ ಬೆಸೆದು ಎರಡು ಮೂಳೆಗಳಾಗುವುದರಿಂದ ವಯಸ್ಕರಲ್ಲಿ ಎಣಿಕೆ 26ಕ್ಕೆ ಇಳಿಯುತ್ತದೆ. ಮಣಿಗಳ ನಡುವೆ 'ಡಿಸ್ಕ್' ಎಂಬ 23 ಮೆತ್ತನೆಯ ಬಿಲ್ಲೆಗಳಿವೆ. ಇವುಗಳ ಸುತ್ತ ನಾರಿನ ಗಟ್ಟಿ ಉಂಗುರ, ಒಳಗೆ ಲೋಳೆಯಂತಹ ತಿರುಳು. ಮಣಿಗಳ ಹಿಂಬದಿಯ ರಂಧ್ರಗಳು ಒಂದರ ಮೇಲೊಂದು ಕೂಡಿ ಒಂದು ಕೊಳವೆಯಾಗಿದ್ದು, ಅದರೊಳಗೆ ಬೆನ್ನುಹುರಿ ಸುರಕ್ಷಿತವಾಗಿದೆ. ಕಟ್ಟುನಾರುಗಳೂ ಸ್ನಾಯುಗಳೂ ಈ ಸರವನ್ನು ಬಿಗಿದು ಹಿಡಿದಿವೆ.

ನಾಟಿಯ ನಂತರದ ನೋವು ಬಹುಮಟ್ಟಿಗೆ ಸ್ನಾಯು ಮತ್ತು ಕಟ್ಟುನಾರುಗಳ ದಣಿವಿನದು. ಇಂತಹ ನೋವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ಇದು ನಮ್ಮ ಸೀಮೆಗೇ ಮೀಸಲಾದುದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನ ಸುಮಾರು 62 ಕೋಟಿ ಜನರಿಗೆ ಸೊಂಟನೋವಿನ ಬಾಧೆಯಿತ್ತು.

ಕೆಲವೊಮ್ಮೆ ಬಿಲ್ಲೆಯ ಉಂಗುರ ಸೀಳಿ, ತಿರುಳು ಹೊರಚಾಚಿ, ಪಕ್ಕದ ನರವನ್ನು ಒತ್ತುತ್ತದೆ. ಆಗ ನೋವು ಪೃಷ್ಠದಿಂದ ಕಾಲಿನವರೆಗೆ ಹರಿಯುತ್ತದೆ. ಈ ಕಾರಣವನ್ನು 1934ರಲ್ಲಿ ಬೋಸ್ಟನ್ನಿನ ವೈದ್ಯರಾದ ಮಿಕ್ಸ್ಟರ್ ಮತ್ತು ಬಾರ್ ಸ್ಪಷ್ಟಪಡಿಸಿದರು. ಇದಕ್ಕೆಲ್ಲ ಶಸ್ತ್ರಚಿಕಿತ್ಸೆಯೇ ಬೇಕೆಂದು ಭಾವಿಸಬಾರದು. ಹೊರಚಾಚಿದ ತಿರುಳನ್ನು ದೇಹವೇ ಅನೇಕ ಸಂದರ್ಭಗಳಲ್ಲಿ ಹೀರಿಕೊಂಡು ಬಿಡುತ್ತದೆ.

ಹಾಗಾದರೆ ಚಿಕಿತ್ಸೆ ಯಾವುದು? ತಿಂಗಳುಗಟ್ಟಲೆ ಹಾಸಿಗೆ ಹಿಡಿಯುವುದಂತೂ ಅಲ್ಲ. ಚಲನೆಯಿಲ್ಲದ ಸ್ನಾಯು ಸೊರಗುತ್ತದೆ. ಬಹುಕಾಲದ ಸೊಂಟನೋವಿನ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯು ತಿಳಿವಳಿಕೆ, ವ್ಯಾಯಾಮ ಮತ್ತು ಕೆಲವು ಭೌತಚಿಕಿತ್ಸೆಗಳಿಗೆ ಮನ್ನಣೆ ನೀಡಿದೆ. ಸೊಂಟಪಟ್ಟಿಯನ್ನೂ, ತೂಕ ಕಟ್ಟಿ ಎಳೆಯುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಬಾರದೆಂದಿದೆ. ಆದರೆ ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಕಾಲುಗಳ ನಿತ್ರಾಣ, ಮಲಮೂತ್ರಗಳ ಹತೋಟಿ ತಪ್ಪುವುದು — ಇವು ಜೊತೆಗೂಡಿದಲ್ಲಿ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಬೆನ್ನುಮೂಳೆಯ ಕ್ಷಯವೂ ನಮ್ಮ ದೇಶದಲ್ಲಿ ಅಪರೂಪವಲ್ಲ, ಹೊತ್ತಿಗೆ ಸರಿಯಾಗಿ ಔಷಧ ಕೊಟ್ಟರೆ ಅದು ಗುಣವಾಗುತ್ತದೆ.

ಈಗ ನೀರಿನ ವಿಷಯ. ರಾಯಚೂರು ಜಿಲ್ಲೆಯ ಬಹುಭಾಗದ ತಳದಲ್ಲಿ ಗ್ರಾನೈಟ್ ಮತ್ತು ನೈಸ್ ಶಿಲೆಗಳಿವೆ. ಇಂತಹ ಶಿಲೆಗಳ ಕೆಲವು ಖನಿಜಗಳಿಂದ ಫ್ಲೋರೈಡ್ ಅಂತರ್ಜಲಕ್ಕೆ ಕರಗಿ ಬರುತ್ತದೆ. ಕುಡಿಯುವ ನೀರಿನ ಒಂದು ಲೀಟರಿಗೆ 1 ಮಿಲಿಗ್ರಾಂ ಯೋಗ್ಯ. ಬೇರೆ ನೀರಿಲ್ಲದಲ್ಲಿ 1.5 ಮಿಲಿಗ್ರಾಂ ಕೊನೆಯ ಎಲ್ಲೆ ಎಂಬುದು ಭಾರತೀಯ ಮಾನಕ. ಜಿಲ್ಲೆಯ ಹಲವೆಡೆ ಕೊಳವೆಬಾವಿಗಳ ನೀರು ಈ ಎಲ್ಲೆಯನ್ನು ಮೀರಿದೆ.

ಇದರ ಪರಿಣಾಮವನ್ನು ದಕ್ಷಿಣ ಭಾರತದಲ್ಲಿ ಮೊದಲು ತೋರಿಸಿಕೊಟ್ಟವು ಎತ್ತುಗಳು! 1930ರ ದಶಕದಲ್ಲಿ ನೆಲ್ಲೂರಿನ ಕಡೆಯ ರೈತರು ತಮ್ಮ ಎತ್ತುಗಳು ಕೀಲು ಬಿಗಿದು ನಡೆಯಲಾರದಾದುದನ್ನು ಕಂಡರು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಅಲ್ಲಿಯ ಜನರಲ್ಲಿಯೂ ಅದೇ ರೋಗವನ್ನು ವಿವರಿಸಿದರು. ವರ್ಷಾನುಗಟ್ಟಲೆ ದೇಹ ಸೇರಿದ ಫ್ಲೋರೈಡ್ ಮೂಳೆಯ ಖನಿಜದೊಳಗೆ ನೆಲೆಸುತ್ತದೆ. ಕಟ್ಟುನಾರುಗಳಲ್ಲಿ ಸುಣ್ಣದ ಅಂಶ ಕೂಡಿ ಅವು ಎಲುಬಿನಂತೆ ಗಡುಸಾಗುತ್ತವೆ. ಬಾಗುವ ಸರ ಬಾಗದ ಕೋಲಾಗುತ್ತದೆ. ಕೊಳವೆ ಕಿರಿದಾಗಿ ಬೆನ್ನುಹುರಿ ಒತ್ತಿಕೊಂಡರೆ ಕಾಲುಗಳ ಬಲವೇ ಉಡುಗಬಹುದು.

ಗುರುತು ಹಿಡಿಯಲು ಸುಲಭವಾದ ಮೂರು ಪರೀಕ್ಷೆಗಳುಂಟು. ಮೊಣಕಾಲು ಮಡಿಸದೆ ನೆಲದ ನಾಣ್ಯವನ್ನು ಎತ್ತಬಲ್ಲರೇ? ಗದ್ದವನ್ನು ಎದೆಗೆ ತಾಗಿಸಬಲ್ಲರೇ? ಎರಡೂ ಕೈಗಳನ್ನು ಚಾಚಿ, ಮಡಿಸಿ, ತಲೆಯ ಹಿಂಭಾಗವನ್ನು ಮುಟ್ಟಬಲ್ಲರೇ? ಆಗದಿದ್ದರೆ ಸಂಶಯಪಡಬೇಕು. ಊರಿನ ಮಕ್ಕಳ ಹಲ್ಲುಗಳಲ್ಲಿ ಹಳದಿ ಅಥವಾ ಕಂದು ಗೆರೆಗಳಿದ್ದರೆ ಸಂಶಯ ಬಲಗೊಳ್ಳುತ್ತದೆ. ಆದರೂ ನಿರ್ಣಯಕ್ಕೆ ಕ್ಷ-ಕಿರಣ ಚಿತ್ರವೂ ಮೂತ್ರ ಮತ್ತು ನೀರಿನ ಪರೀಕ್ಷೆಯೂ ಬೇಕು.

ಇಲ್ಲಿ ನೋವಿನ ಗುಳಿಗೆ ನೋವನ್ನು ಮರೆಸೀತೇ ಹೊರತು ಬಿಗಿತವನ್ನು ತಡೆಯದು. ಗಡುಸಾದ ನಾರು ಹಿಂದಿನ ಸ್ಥಿತಿಗೆ ಮರಳುವುದು ಕಷ್ಟ. ಆದಕಾರಣ ನೀರನ್ನು ಬದಲಾಯಿಸುವುದೇ ಮುಖ್ಯ ಚಿಕಿತ್ಸೆ. ಶುದ್ಧೀಕರಿಸಿದ ನದಿಯ ನೀರು, ಸಂಗ್ರಹಿಸಿದ ಮಳೆಯ ನೀರು ಉತ್ತಮ. ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣದಿಂದ ಫ್ಲೋರೈಡನ್ನು ತಗ್ಗಿಸಬಹುದು. ಕಾಯಿಸುವುದರಿಂದ ಫ್ಲೋರೈಡ್ ಹೋಗದು. ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಹಾಲು, ರಾಗಿ, ಸೊಪ್ಪುಗಳಲ್ಲಿರುವ ಕ್ಯಾಲ್ಸಿಯಂ ಫ್ಲೋರೈಡು ಕರುಳಿನಿಂದ ರಕ್ತಕ್ಕೆ ಸೇರುವುದನ್ನು ಕಡಮೆ ಮಾಡುತ್ತದೆ.

ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಾಲಗೆಯಿಂದ ಅದನ್ನು ಅರಿಯಲಾಗದು. ಆದರೆ ರಸಾಯನಶಾಸ್ತ್ರ ಅರಿಯಬಲ್ಲದು. ಜಿರ್ಕೋನಿಯಂ-ಅಲಿಜರಿನ್ ಎಂಬ ಕೆಂಪು ದ್ರಾವಣಕ್ಕೆ ಫ್ಲೋರೈಡಿನ ನೀರು ಬೆರೆತರೆ ಅದು ಹಳದಿಗೆ ತಿರುಗುತ್ತದೆ. ನಿಮ್ಮ ಊರಿನ ಕೊಳವೆಬಾವಿಯ ನೀರನ್ನು ಹೀಗೆ ಪರೀಕ್ಷಿಸಲಾಗಿದೆಯೇ ಎಂದು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿರಿ. ದಣಿದ ಬೆನ್ನಿಗೆ ಚಲನೆಯೂ ಕಾಲವೂ ಸಾಕಾದಾವು. ಬಿಗಿಯುವ ಬೆನ್ನು ಮಾತ್ರ ಕಾಲಕ್ಕಾಗಿ ಕಾಯುವುದಿಲ್ಲ.